ಹಂಡೆಯ ತಾಮ್ರಕ್ಕೆ ಚಳಿ ಯಾವಾಗ?

ಪ್ರಶ್ನೆ: ನಮ್ಮ ಬಚ್ಚಲಲ್ಲಿ ಅಜ್ಜಿ ಕಾಲದ ತಾಮ್ರದ ಹಂಡೆ ಇದೆ. ಅದು ಕಾಯುವುದಕ್ಕೂ ಕ್ವಾಂಟಮ್‌ಗೂ ಸಂಬಂಧ ಇದೆ ಅಂತ ಕಾಲೇಜಿನಲ್ಲಿ ಹೇಳಿದರು. ಕ್ವಾಂಟಮ್ ಅಂದರೆ ಬೆಳಕು, ಎಲೆಕ್ಟ್ರಾನ್‌ಗಳ ವಿಷಯ ಅಲ್ವಾ?
– ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಬಚ್ಚಲೊಲೆಯ ಶಾಖವನ್ನು ಜಾಸ್ತಿ ಹೀರುವುದು ನೀರೇ, ಹಂಡೆಯಲ್ಲ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.18 ಜೂಲ್ ಬೇಕು, ತಾಮ್ರಕ್ಕೆ 0.385 ಸಾಕು.

ಗ್ರಾಂ ಬಿಟ್ಟು ಪರಮಾಣುಗಳನ್ನು ಎಣಿಸಿದರೆ ತಮಾಷೆ ಶುರು. ಒಂದು ಮೋಲ್ ಅಂದರೆ ಪರಮಾಣುಗಳ ಒಂದು ಗೊತ್ತಾದ ಎಣಿಕೆ, ಯಾವ ಲೋಹವಾದರೂ ಅಷ್ಟೇ. ಒಂದು ಮೋಲ್ ತಾಮ್ರ 63.5 ಗ್ರಾಂ, ಸೀಸ 207 ಗ್ರಾಂ. ತೂಕದಲ್ಲಿ ಇಷ್ಟು ಅಂತರ, ಆದರೂ ಎರಡಕ್ಕೂ ಡಿಗ್ರಿಗೆ ಸುಮಾರು 25 ಜೂಲ್! 1819ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಡುಲಾಂಗ್ ಮತ್ತು ಪೆಟಿ ಇದನ್ನು ಗುರುತಿಸಿದರು. ಹಳೆಯ ಭೌತಶಾಸ್ತ್ರಕ್ಕೂ ಇದು ಒಪ್ಪಿಗೆಯಾಯಿತು. ಅಲುಗಾಡುವ ಪರಮಾಣು ಯಾವುದಾದರೇನು, ಶಾಖದ ಪಾಲು ಒಂದೇ. ತಕರಾರು ತೆಗೆದದ್ದು ವಜ್ರ. ಮಾಮೂಲಿ ತಾಪಮಾನದಲ್ಲಿ ಅದು ಹೀರುವುದು ಬರೀ 6 ಜೂಲ್. ಸಾವಿರ ಡಿಗ್ರಿ ಹತ್ತಿರ ಕಾಯಿಸಿದರೆ ಮಾತ್ರ 25ರ ಕಡೆಗೆ ಬರುತ್ತದೆ.

ಇದನ್ನು ಬಿಡಿಸಿದ್ದು ಐನ್‌ಸ್ಟೈನ್, 1907ರಲ್ಲಿ. ಆಗಿನ್ನೂ ಅವರು ಬರ್ನ್ ಊರಿನ ಪೇಟೆಂಟ್ ಕಚೇರಿಯ ನೌಕರ. ಬೆಳಕಿನ ಹಾಗೆ ಪರಮಾಣುವಿನ ಅಲುಗಾಟವೂ ಶಕ್ತಿಯನ್ನು ಗಂಟು ಗಂಟಾಗಿಯೇ ತೆಗೆದುಕೊಳ್ಳುತ್ತದೆ ಅಂದರು. ಕ್ವಾಂಟಮ್ ಅಂದರೆ ಈ ಗಂಟೇ. ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿ, ಚೀಲ ಬಿಚ್ಚಿ ಒಂದು ಹಿಡಿ ಕೊಡಿ ಅಂದರೆ ಕೊಡ್ತಾರಾ? ಕೊಂಡರೆ ಇಡೀ ಚೀಲ, ಇಲ್ಲಾಂದ್ರೆ ಬರಿಗೈ. ಇಲ್ಲಿ ಕಿಸೆಯ ದುಡ್ಡು ಅಂದರೆ ತಾಪಮಾನ. ಅಲುಗಾಟ ಎಷ್ಟು ಚುರುಕೋ ಚೀಲ ಅಷ್ಟು ದುಬಾರಿ. ವಜ್ರದಲ್ಲಿ ಇಂಗಾಲದ ಪರಮಾಣು ಹಗುರ, ಹಿಡಿತ ಬಲು ಬಿಗಿ, ಅಲುಗಾಟ ಭಾರೀ ಚುರುಕು. ಹಾಗಾಗಿ ಅದರ ಹೆಚ್ಚಿನ ಪರಮಾಣುಗಳು ಮಾಮೂಲಿ ತಾಪಮಾನದಲ್ಲಿ ಏನೂ ಕೊಳ್ಳಲಾಗದೆ ಸುಮ್ನೆ ನಿಂತಿರುತ್ತವೆ. ಸೀಸ ಭಾರ, ಹಿಡಿತ ಸಡಿಲ, ಚೀಲ ಅಗ್ಗ. ಆಗುಂಬೆಯ ಡಿಸೆಂಬರ್ ಬೆಳಗು ಸೀಸಕ್ಕೆ ಚಳಿಯೇ ಅಲ್ಲ. ವಜ್ರಕ್ಕೋ, ಶಿವಮೊಗ್ಗದ ಏಪ್ರಿಲ್ ಬಿಸಿಲಲ್ಲೂ ಗಡಗಡ.

ಐನ್‌ಸ್ಟೈನ್ ಲೆಕ್ಕದಲ್ಲಿ ಎಲ್ಲ ಪರಮಾಣುಗಳೂ ಒಂದೇ ವೇಗದಲ್ಲಿ, ತಮ್ಮಷ್ಟಕ್ಕೆ ತಾವು ಅಲುಗುತ್ತವೆ. ನಿಜದಲ್ಲಿ ಒಂದು ಅಲುಗಿದರೆ ಪಕ್ಕದ್ದೂ ಅಲುಗುತ್ತದೆ, ಅಲೆ ಏಳುತ್ತದೆ. ನಿಧಾನದ ಅಲೆಗಳಿಗೆ ಚಿಲ್ಲರೆ ಕಾಸು ಸಾಕು. 1912ರಲ್ಲಿ ಭೌತವಿಜ್ಞಾನಿ ಡಿಬೈ ಇದನ್ನು ಲೆಕ್ಕಕ್ಕೆ ಸೇರಿಸಿದರು. ಅತಿ ಶೀತದಲ್ಲಿ, ಕೆಲ್ವಿನ್ ತಾಪಮಾನ (ಮೈನಸ್ 273 ಡಿಗ್ರಿಯನ್ನು ಸೊನ್ನೆ ಅಂತ ಎಣಿಸುವ ಅಳತೆ) ಅರ್ಧವಾದರೆ ಅಲುಗಾಟ ಹೀರುವ ಶಾಖ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲೋಹಗಳಲ್ಲಿ ಎಲೆಕ್ಟ್ರಾನ್‌ಗಳದ್ದೂ ಒಂದು ಸಣ್ಣ ಪಾಲಿದೆ, ಅದು ಬೇರೆಯೇ ಕಥೆ.

ನಿಮ್ಮ ಹಂಡೆ ಬಚ್ಚಲಲ್ಲಿ ಇರುವ ತನಕ ಅದರ ತಾಮ್ರ ಮೋಲ್‌ಗೆ ಹೀರುವ ಶಾಖ 25 ಜೂಲ್ ಆಸುಪಾಸಿನಲ್ಲೇ ಇರುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿದರೆ ಆ ಶಾಖವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಜ್ಜಿ ಒಪ್ಪಬೇಕಷ್ಟೆ.