ತಪ್ಪಿಲ್ಲದೆ ಓದುವ ಮಕ್ಕಳಿಗೆ ಓದಿದ್ದು ಅರ್ಥವಾಗದಿದ್ದರೆ ಏನು ಮಾಡಬೇಕು?

ಆರನೆಯ ತರಗತಿಯ ಕೆಲವು ಮಕ್ಕಳು ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದಿದರೂ ಓದಿದ್ದೇನೆಂದು ಕೇಳಿದಾಗ ಸುಮ್ಮನೆ ನಿಲ್ಲುತ್ತಾರೆ, ಅವರಿಗೆ ಇನ್ನೂ ಹೆಚ್ಚು ಪ್ರಶ್ನೋತ್ತರ ಬರೆಸಬೇಕೇ ಎಂದು ಕೇಳಿದ್ದೀರಿ. ಇಂಥ ಮಕ್ಕಳ ಪಕ್ಕದಲ್ಲಿ ಹಲವು ವರ್ಷ ಕುಳಿತು ಓದಿಸಿದ ನನ್ನ ಉತ್ತರ, ಸದ್ಯಕ್ಕೆ ಬೇಡ ಎಂಬುದೇ. ಪ್ರಶ್ನೋತ್ತರದಿಂದ ಅರ್ಥ ಮಾಡಿಕೊಳ್ಳುವ ಬಗೆ ತಿಳಿಯುವುದಿಲ್ಲ. ಅರ್ಥವಾಗಿದೆಯೇ ಎಂಬುದೂ ಎಷ್ಟೋ ಸಲ ಅದರಿಂದ ಗೊತ್ತಾಗುವುದಿಲ್ಲ. 'ಟಿಮ್ಮಲನು ಝರುಕನ್ನು ಗೊಪ್ಪಿದನು' ಎಂದು ಬರೆದು, ಟಿಮ್ಮಲನು ಏನನ್ನು ಗೊಪ್ಪಿದನು ಎಂದು ಕೇಳಿ ನೋಡಿ. ಅರ್ಥವೇ ಇಲ್ಲದ ಈ ವಾಕ್ಯಕ್ಕೂ ಇಡೀ ತರಗತಿ 'ಝರುಕನ್ನು' ಎಂದು ಉತ್ತರಿಸುತ್ತದೆ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ ಅದರ ಅಕ್ಕಪಕ್ಕದ ಸಾಲನ್ನು ನಕಲು ಮಾಡುವ ಅಭ್ಯಾಸ ಮಕ್ಕಳಿಗೆ ಹೀಗೆಯೇ ಅಂಟಿಕೊಳ್ಳುತ್ತದೆ.

ಮೊದಲು ತೊಡಕು ಎಲ್ಲಿದೆ ಎಂಬುದನ್ನು ಪತ್ತೆಹಚ್ಚಬೇಕು. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದಿನ ಗ್ರಹಿಕೆಯನ್ನು ಒಂದು ಗುಣಲಬ್ಧವಾಗಿ ವಿವರಿಸಿದರು: ಅಕ್ಷರದಿಂದ ಪದವನ್ನು ಗುರುತಿಸುವ ಶಕ್ತಿ ಗುಣಿಸು ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಆದ್ದರಿಂದ ಮಗು ಓದಿ ಅರ್ಥವಾಗದ ಮಟ್ಟದ್ದೇ ಇನ್ನೊಂದು ಭಾಗವನ್ನು ನೀವೇ ಓದಿ ಹೇಳಿ, ಅದನ್ನು ತನ್ನ ಮಾತಿನಲ್ಲಿ ಹೇಳಲು ಬಿಡಿ. ಕೇಳಿದಾಗ ಅರ್ಥವಾಗುತ್ತದೆ ಎಂದಾದರೆ, ಅದರ ಶಕ್ತಿಯೆಲ್ಲ ಅಕ್ಷರ ಕೂಡಿಸುವುದರಲ್ಲೇ ಕಳೆದುಹೋಗುತ್ತಿರಬಹುದು. ಸುಲಭದ ಪಾಠಗಳನ್ನು ಮತ್ತೆ ಮತ್ತೆ ಓದಿಸಿ ಸರಾಗತೆ ತರಬೇಕು. ಕೇಳಿದರೂ ಅರ್ಥವಾಗದಿದ್ದರೆ ಕೊರತೆ ಭಾಷೆಯಲ್ಲೋ ವಿಷಯದ ತಿಳಿವಳಿಕೆಯಲ್ಲೋ ಇದೆ. ನೀವು ವರ್ಣಿಸಿದ ಮಕ್ಕಳಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರೆಂದು ನನಗೆ ತೋರುತ್ತದೆ.

ಅವರು ಎಡವುವುದು ಹೆಚ್ಚಾಗಿ ಲೇಖಕ ಹೇಳದೆ ಬಿಟ್ಟ ಜಾಗದಲ್ಲಿ. 'ಹುಡುಗ ಛತ್ರಿ ಮರೆತು ಹೋಗಿದ್ದ. ಮನೆಗೆ ಬಂದಾಗ ಪುಸ್ತಕಗಳೆಲ್ಲ ಒದ್ದೆಯಾಗಿದ್ದವು' ಎಂಬ ಎರಡು ಸಾಲನ್ನು ಒಬ್ಬ ಹುಡುಗಿ ನನ್ನೆದುರು ಚೆನ್ನಾಗಿಯೇ ಓದಿದಳು. ಪುಸ್ತಕ ಏಕೆ ಒದ್ದೆಯಾಯಿತು ಎಂದರೆ, ಬೆರಳಿನಿಂದ ಸಾಲುಗಳನ್ನು ಎರಡು ಸಲ ತಡಕಿ, "ಇದರಲ್ಲಿ ಕೊಟ್ಟಿಲ್ಲ" ಎಂದಳು. ಮಳೆ ಎಂಬ ಪದ ಅಲ್ಲಿರಲಿಲ್ಲ, ನಿಜ. ಅದನ್ನು ತಾನೇ ತುಂಬಿಕೊಳ್ಳಬಹುದು, ತುಂಬಿಕೊಳ್ಳಲೇಬೇಕು ಎಂದು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ಬರೆಯುವುದು ಸಾಮಾನ್ಯವಾದ್ದರಿಂದ 'ಬಂದವರು ಯಾರು' ಎಂಬುದನ್ನೂ ಓದುಗನೇ ಹಿಡಿಯಬೇಕಾಗುತ್ತದೆ. ಹೀಗಾಗಿ ಒಂದು ಪುಟ್ಟ ಭಾಗವನ್ನು ತೆಗೆದುಕೊಂಡು ನಿಮ್ಮ ಯೋಚನೆಯನ್ನು ಮಕ್ಕಳಿಗೆ ಕೇಳುವಂತೆ ಹೇಳುತ್ತಾ ಓದಿ: 'ಇಲ್ಲಿ ಅವಳು ಎಂದರೆ ಅಕ್ಕನೋ ತಂಗಿಯೋ? ಹಿಂದಿನ ಸಾಲು ನೋಡೋಣ. ಆದರೂ ಎಂದಿದೆ, ಹಾಗಾದರೆ ಮುಂದೆ ನಾನು ಅಂದುಕೊಂಡಿದ್ದಕ್ಕೆ ವಿರುದ್ಧವಾದದ್ದು ಬರುತ್ತದೆ.' ಅರ್ಥವಾಗದ ಕಡೆ ನಿಂತು ಹಿಂದಕ್ಕೆ ಹೋಗುವುದನ್ನು ದೊಡ್ಡವರೂ ಮಾಡುತ್ತಾರೆಂದು ಕಣ್ಣಾರೆ ಕಂಡರೆ ಮಕ್ಕಳಿಗೆ ಸಂಕೋಚ ಕಳೆಯುತ್ತದೆ. ಕ್ರಮೇಣ ಊಹಿಸುವ, ಪ್ರಶ್ನೆ ಕೇಳುವ, ತೊಡಕು ಬಿಡಿಸುವ, ಸಾರ ಹೇಳುವ ಕೆಲಸಗಳನ್ನು ಸರದಿಯ ಮೇಲೆ ಅವರಿಗೇ ಒಪ್ಪಿಸಿ. ಪಾಲಿನ್‌ಸ್ಕರ್ ಮತ್ತು ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ವಿಧಾನ ಇದೇ.

ವಿಷಯದ ತಿಳಿವಳಿಕೆಯನ್ನು ಕಡೆಗಣಿಸಬೇಡಿ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟಾಗ, ಆಟ ಗೊತ್ತಿದ್ದ ದುರ್ಬಲ ಓದುಗರು ಆಟ ಗೊತ್ತಿಲ್ಲದ ಒಳ್ಳೆಯ ಓದುಗರಿಗಿಂತ ಹೆಚ್ಚನ್ನು ನೆನಪಿಟ್ಟುಕೊಂಡಿದ್ದರು. ಆದ್ದರಿಂದ ಒಂದೇ ವಿಷಯದ ಮೇಲೆ ಎರಡು ಮೂರು ವಾರ ಬೇರೆಬೇರೆ ಬರಹಗಳನ್ನು ಓದಿಸುವುದು, ದಿನಕ್ಕೊಂದು ಸಂಬಂಧವಿಲ್ಲದ ಗದ್ಯಭಾಗ ಕೊಡುವುದಕ್ಕಿಂತ ಮೇಲು.

ಇನ್ನೊಂದು ಮಾತು: ಮನೆಮಾತಿನಲ್ಲಿ ಹೇಳುವ ಸರಳ ಸೂಚನೆಯನ್ನೂ ಮಗು ಮತ್ತೆ ಮತ್ತೆ ತಪ್ಪಾಗಿ ಗ್ರಹಿಸುತ್ತಿದ್ದರೆ ಅದನ್ನು ಸೋಮಾರಿತನವೆಂದು ಬಗೆಯದೆ, ಮೊದಲು ಕಿವಿಯ ತಪಾಸಣೆ ಮಾಡಿಸಿ, ನಂತರ ವಾಕ್ ಮತ್ತು ಭಾಷಾ ತಜ್ಞರಿಗೆ ತೋರಿಸುವಂತೆ ತಂದೆತಾಯಿಗೆ ತಿಳಿಸಿ.