ಅಣ್ಣಂದಿರು ಅಂತಾರೆ, ಅಮ್ಮನಿಗೆ ಹೇಳಬೇಡ ಅಂತಾರೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮೈಸೂರಿನವನು, ವಯಸ್ಸು 18. ಪಿಯುಸಿ ಮುಗಿಸಿ ಆಗಸ್ಟ್‌ನಲ್ಲಿ ಅಮೆರಿಕದ ಓಹಾಯೋ ರಾಜ್ಯಕ್ಕೆ ಕಂಪ್ಯೂಟರ್ ಸೈನ್ಸ್ ಓದಲು ಬಂದೆ. ಮೊದಲ ತಿಂಗಳು ತುಂಬ ಒಂಟಿ ಅನಿಸಿತು. ಊಟದ ಹಾಲ್‌ನಲ್ಲಿ ಫೋನ್ ನೋಡುತ್ತಾ ಒಬ್ಬನೇ ಕೂರುತ್ತಿದ್ದೆ. ರೂಮ್‌ಮೇಟ್ ಕರೆದ ಅಂತ ಅವನ ಜೊತೆ ಫ್ರಾಟರ್ನಿಟಿಗಳ, ಅಂದರೆ ಇಲ್ಲಿಯ ಕಾಲೇಜು ಹುಡುಗರ ಸಂಘಗಳ, 'ರಶ್'ಗೆ ಹೋದೆ. ಹೊಸಬರನ್ನು ಆರಿಸಿಕೊಳ್ಳಲು ಅವರು ನಡೆಸುವ ಕೂಟ ಅದು. ಒಂದು ಮನೆಯವರು, ಅಂದರೆ ಒಂದು ಸಂಘದವರು, ಬಹಳ ಪ್ರೀತಿಯಿಂದ ಮಾತಾಡಿಸಿದರು. ನನ್ನ ಹೆಸರನ್ನು ಸರಿಯಾಗಿ ಹೇಳಲು ಕಲಿತರು. ಈಗ ನಮ್ಮಿಬ್ಬರಿಗೂ 'ಬಿಡ್', ಅಂದರೆ ಸೇರಲು ಆಹ್ವಾನ, ಕೊಟ್ಟಿದ್ದಾರೆ. ಶುಕ್ರವಾರದೊಳಗೆ ಒಪ್ಪಬೇಕು. ಸೆಮಿಸ್ಟರ್‌ಗೆ ಸಾವಿರ ಡಾಲರ್ ಕಟ್ಟಬೇಕು. ಎಂಟು ವಾರ 'ಪ್ಲೆಡ್ಜ್', ಅಂದರೆ ಇನ್ನೂ ಪೂರ್ತಿ ಸದಸ್ಯನಾಗದ ಹೊಸಬ, ಆಗಿರಬೇಕು. ಆಗ ಏನು ಮಾಡಿಸುತ್ತೀರಿ ಅಂತ ಕೇಳಿದೆ. 'ನಾವೆಲ್ಲ ದಾಟಿ ಬಂದಿದ್ದೇವೆ, ಇದನ್ನು ಮನೆಯವರಿಗೂ ಹೇಳುವ ಹಾಗಿಲ್ಲ' ಅಂದರು. ಶನಿವಾರ ರಾತ್ರಿ ಫೋನ್ ಒಪ್ಪಿಸಬೇಕಂತೆ. ನಾನು ಕುಡಿಯುವುದಿಲ್ಲ ಅಂದಿದ್ದಕ್ಕೆ ನಕ್ಕು ಭುಜ ತಟ್ಟಿದರು. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ಸೇರದಿದ್ದರೆ ಮತ್ತೆ ನಾನು ಒಬ್ಬನೇ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನೀನು ನನ್ನ ಮಗನ ವಯಸ್ಸಿನವನು. ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಶುಕ್ರವಾರ ಹತ್ತಿರವಿತ್ತಲ್ಲ, ಅದಕ್ಕೇ ಈ ಉತ್ತರವನ್ನು ನಿನಗೆ ಮೊದಲೇ ಮೇಲ್ ಮಾಡಿದ್ದೆ. ಇಂಥದ್ದೇ ಗೊಂದಲದಲ್ಲಿರುವ ಬೇರೆ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಓದಲಿ ಅಂತ ಇಲ್ಲೂ ಹಾಕುತ್ತಿದ್ದೇನೆ.

ಈ ಮನೆಗೆ ಸೇರಬೇಡ. ಫ್ರಾಟರ್ನಿಟಿಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಮನೆಯವರು ನಿನ್ನನ್ನು ಕೇಳಿರುವುದು ಸರಿಯಿಲ್ಲ.

ನಿನ್ನ ಒಂಟಿತನ ಸಣ್ಣ ವಿಷಯ ಅಲ್ಲ. ಮೈಸೂರಿನಲ್ಲಿ ಬೀದಿಗೆ ಇಳಿದರೆ 'ಏನಪ್ಪಾ, ಕಾಲೇಜಿಗಾ?' ಅನ್ನುವವರು ನಾಲ್ಕು ಜನ ಸಿಗುತ್ತಿದ್ದರು. ಅಲ್ಲಿ ಸಾವಿರಾರು ಹುಡುಗರ ನಡುವೆ ನಿನ್ನ ಹೆಸರು ಗೊತ್ತಿರುವವರೇ ಇರಲಿಲ್ಲ. ಆಗ ಯಾರೋ ಹೆಸರು ಕಲಿತು ಕರೆದರೆ ಮನಸ್ಸು ಕರಗದೆ ಇರುತ್ತದಾ?

ಈ ಸಂಘಗಳಲ್ಲಿ ಎಷ್ಟೋ ಹುಟ್ಟಿದ್ದೇ ಇಂಥ ಒಂಟಿತನದಿಂದ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಳ್ಳುವ ಈ ರೂಢಿ ಅಲ್ಲಿ 1776ರಷ್ಟು ಹಳೆಯದು. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಜನ ಕಪ್ಪು ಹುಡುಗರು ಸೇರಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ಬಿಳಿಯರ ನಡುವೆ ಅವರಿಗೆ ತಮ್ಮವರು ಅಂತ ಬೇಕಿತ್ತು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಕೂಡ ಅದರ ಸದಸ್ಯರಾದರು. 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಬೀಟಾ ರೋ, 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಶುರುವಾದವು. ಎರಡೂ ಭಾರತದ ಕಡೆಯ ಹುಡುಗರು ಜಾಸ್ತಿ ಸೇರುವ ಸಂಘಗಳು. ಜೀವನಪೂರ್ತಿ ಉಳಿಯುವ ಗೆಳೆತನ ಅಲ್ಲಿ ಸಿಕ್ಕವರಿದ್ದಾರೆ. ಕೆಲಸ ಹುಡುಕುವಾಗ ಹಳೆಯ ಸದಸ್ಯರು ಕೈ ಹಿಡಿಯುವುದೂ ನಿಜ.

ಹಾಗಾದರೆ ಬೇಡ ಅಂತ ಯಾಕೆ ಹೇಳುತ್ತೇನೆ? ನನ್ನದೇ ಒಂದು ವಿಷಯ ಹೇಳುತ್ತೇನೆ, ಕೇಳು. ನಾನು ಹಾಸ್ಟೆಲ್ ಸೇರಿದ ಮೊದಲ ವಾರ ಸೀನಿಯರ್‌ಗಳು ನಮ್ಮನ್ನು ರಾತ್ರಿ ಎರಡರವರೆಗೆ ತಾರಸಿಯ ಮೇಲೆ ನಿಲ್ಲಿಸಿದ್ದರು. ಅತ್ತವರನ್ನು ಮತ್ತೂ ಅಳಿಸಿದರು. ಮುಂದಿನ ವಾರ ನನಗೆ ಜ್ವರ ಬಂತು. ಅದೇ ಸೀನಿಯರ್ ಒಬ್ಬಳು ಗಂಜಿ ಮಾಡಿ ತಂದು ಕುಡಿಸಿದಳು. ಅವತ್ತಿನಿಂದ ಆ ತಾರಸಿಯ ರಾತ್ರಿಯನ್ನೂ ನಾನು ಪ್ರೀತಿ ಅಂತಲೇ ಲೆಕ್ಕ ಹಾಕಿದೆ. ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲ. ಮರುವರ್ಷ ಹೊಸ ಹುಡುಗಿಯರು ಬಂದಾಗ ಅವರನ್ನು ನಿಲ್ಲಿಸಿದವರ ಸಾಲಿನಲ್ಲಿ ನಾನೂ ಇದ್ದೆ. ಚಿತ್ರದುರ್ಗದ ಕಡೆಯ ಒಬ್ಬಳು ನಡುಗುತ್ತಾ ನನ್ನ ಮುಖವನ್ನೇ ನೋಡಿದಳು, ಬಿಡಿಸು ಅನ್ನುವ ಹಾಗೆ. ನಾನು ಬಿಡಿಸಲಿಲ್ಲ. ಮೂರು ದಿನಕ್ಕೆ ಅವಳು ಹಾಸ್ಟೆಲ್ ಬಿಟ್ಟು ಹೋದಳು. ಅವಳ ಮುಖ ನನಗೆ ಇವತ್ತಿಗೂ ನೆನಪಿದೆ.

'ನಾವೆಲ್ಲ ದಾಟಿ ಬಂದಿದ್ದೇವೆ' ಅನ್ನುವ ಮಾತು ಕೇಳಿದಾಗ ನನಗೆ ಭಯವಾಗುವುದು ಅದಕ್ಕೇ. ದಾಟಿ ಬಂದವನಿಗೆ ಮುಂದಿನವನನ್ನೂ ದಾಟಿಸಬೇಕು ಅನಿಸುತ್ತದೆ. ನಾಳೆ ನಿನಗೂ ಅನಿಸಬಹುದು.

ನಾವು ರ‍್ಯಾಗಿಂಗ್ ಅನ್ನುವುದನ್ನು ಅಲ್ಲಿ ಹೇಜಿಂಗ್ ಅನ್ನುತ್ತಾರೆ. ನೀನಿರುವ ಓಹಾಯೋದಲ್ಲೇ, ಬೌಲಿಂಗ್ ಗ್ರೀನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2021ರ ಮಾರ್ಚ್‌ನಲ್ಲಿ ಏನಾಯಿತು ಗೊತ್ತಾ? ಅವತ್ತು ಹೊಸ ಹುಡುಗರಿಗೆ 'ಬಿಗ್ ಬ್ರದರ್' ಸಿಗುವ ರಾತ್ರಿ. ಅಂದರೆ ಒಬ್ಬೊಬ್ಬರಿಗೂ ಒಬ್ಬ ದೊಡ್ಡಣ್ಣ. ಒಬ್ಬೊಬ್ಬರ ಕೈಗೂ ಒಂದೊಂದು ಮದ್ಯದ ಬಾಟಲಿ ಕೊಟ್ಟು ಖಾಲಿ ಮಾಡಲು ಹೇಳಿದರು. 20 ವರ್ಷದ ಒಬ್ಬ ಹುಡುಗ ಪೂರ್ತಿ ಕುಡಿದ. ಅವನನ್ನು ರೂಮಿಗೆ ತಂದು ಬಿಟ್ಟು ಹೋದರು. ಮೂರು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಅದೇ ವರ್ಷ ಆ ರಾಜ್ಯದಲ್ಲಿ 'ಕಾಲಿನ್ಸ್ ಲಾ' ಬಂತು. ಒತ್ತಾಯದಿಂದ ಕುಡಿಸಿ ಗಂಭೀರ ಹಾನಿಯಾದರೆ ಈಗ ಅದು ದೊಡ್ಡ ಅಪರಾಧ. ಕಾಲಿನ್ ಅನ್ನುವುದು 2018ರಲ್ಲಿ ಸತ್ತ ಇನ್ನೊಬ್ಬ ಹುಡುಗನ ಹೆಸರು. ಅವನೂ ಓಹಾಯೋದವನೇ.

ಅಣ್ಣ ಅಂದರೆ ನಮಗೆ ಏನು ಅರ್ಥ? ತಮ್ಮನ ಕೈಯಿಂದ ಬಾಟಲಿ ಕಿತ್ತುಕೊಳ್ಳುವವನು ಅಲ್ವಾ? ನೀನು ಕುಡಿಯುವುದಿಲ್ಲ ಅಂದಾಗ ಅವರು 'ಸರಿ' ಅನ್ನಲಿಲ್ಲ, ನಕ್ಕರು. ಅದೇ ಅವರ ಉತ್ತರ ಅಂತ ತಿಳಿದುಕೋ.

ನಮ್ಮವರೇ ಇರುವ ಸಂಘಕ್ಕೆ ಸೇರಿದರೆ ಆಗುತ್ತದಾ ಅಂತ ಕೇಳಬಹುದು. ಅಲ್ಲೂ ಕಣ್ಣು ಮುಚ್ಚಿ ಹೋಗಬೇಡ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬರೂಕ್ ಕಾಲೇಜಿನ ಏಷ್ಯನ್ ಹುಡುಗರ ಫ್ರಾಟರ್ನಿಟಿಯೊಂದು ಮೊದಲ ವರ್ಷದ ಹುಡುಗನನ್ನು ಬೆಟ್ಟದ ಮನೆಗೆ ಕರೆದುಕೊಂಡು ಹೋಯಿತು. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಮತ್ತೆ ಮತ್ತೆ ಕೆಡವಿದರು. ಪ್ರಜ್ಞೆ ತಪ್ಪಿದ ಮೇಲೂ ತಕ್ಷಣ ಆಸ್ಪತ್ರೆಗೆ ಒಯ್ಯಲಿಲ್ಲ. ಅವನು ಉಳಿಯಲಿಲ್ಲ.

ಅದಕ್ಕೇ ನಾನು ಸಂಘದ ಹೆಸರನ್ನಾಗಲಿ ಬಣ್ಣವನ್ನಾಗಲಿ ನೋಡುವುದಿಲ್ಲ. ಬೇಕಾದಾಗ ಎದ್ದು ಬರಬಹುದಾ? ಫೋನ್ ನನ್ನ ಜೇಬಿನಲ್ಲೇ ಇರುತ್ತದಾ? ನಡೆದದ್ದನ್ನು ಅಮ್ಮನಿಗೆ ಹೇಳಬಹುದಾ? ಇಷ್ಟಕ್ಕೆ ತಡವರಿಸದೆ 'ಹೌದು' ಅನ್ನುವ ಮನೆ ಸಿಕ್ಕರೆ ಆಮೇಲೆ ಯೋಚಿಸು. ಸಂಘದ ಹಿಂದಿನ ತಪ್ಪುಗಳನ್ನು ನಿನ್ನ ಕಾಲೇಜಿನ ವೆಬ್‌ಸೈಟ್‌ನಲ್ಲೇ ನೋಡಬಹುದು. ಹೇಜಿಂಗ್ ಮಾಡಿ ಸಿಕ್ಕಿಬಿದ್ದವರ ಪಟ್ಟಿ ಹಾಕುವುದು ಓಹಾಯೋದಲ್ಲಿ ಕಡ್ಡಾಯ. 2024ರ ಡಿಸೆಂಬರ್‌ನಲ್ಲಿ ಇಡೀ ಅಮೆರಿಕಕ್ಕೂ ಅಂಥದ್ದೇ ಕಾನೂನು ಬಂದಿದೆ. ಎಷ್ಟೋ ಕಡೆ ಜನವರಿಯಲ್ಲಿ ಮತ್ತೆ ರಶ್ ಇರುತ್ತದೆ. ಈಗ ಬಿಟ್ಟರೆ ಹೋಯಿತು ಅನ್ನುವಂಥದ್ದೇನಲ್ಲ.

ದುಡ್ಡಿನ ವಿಷಯ. ನಿನ್ನದು ಓದಲು ಬಂದವರಿಗೆ ಕೊಡುವ ಎಫ್‌-1 ವೀಸಾ ಇರಬೇಕು. ಮೊದಲ ವರ್ಷ ಕ್ಯಾಂಪಸ್ಸಿನ ಹೊರಗೆ ದುಡಿಯುವ ಹಾಗಿಲ್ಲ. ಒಳಗಾದರೂ ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ, ಅಷ್ಟೇ. ಹಾಗಾಗಿ ಆ ಸಾವಿರ ಡಾಲರ್ ಕೊನೆಗೆ ಅಪ್ಪನ ಸಾಲಕ್ಕೇ ಸೇರುತ್ತದೆ. ಅಲ್ಲಿ 21 ತುಂಬುವವರೆಗೆ ಕುಡಿಯುವಂತಿಲ್ಲ ಅನ್ನುವುದೂ ನೆನಪಿರಲಿ. ಪೊಲೀಸ್ ಕೇಸ್ ಆದರೆ ಅಲ್ಲಿಯ ಹುಡುಗರಿಗೆ ದಂಡ ಕಟ್ಟಿ ಮುಗಿಯಬಹುದು. ನಿನಗೆ ವೀಸಾಕ್ಕೂ ತೊಂದರೆ ಬರಬಹುದು.

'ಕರೆದಿದ್ದಕ್ಕೆ ಥ್ಯಾಂಕ್ಸ್, ನಾನು ಸೇರುತ್ತಿಲ್ಲ' ಅಂತ ಒಂದು ಮೆಸೇಜ್ ಕಳಿಸು. ಕಾರಣ ಕೊಡಬೇಕಾಗಿಲ್ಲ. ಆಮೇಲೆ ಇವತ್ತೇ ಅಮ್ಮನಿಗೆ ಫೋನ್ ಮಾಡು. ಚೆನ್ನಾಗಿದ್ದೀನಿ ಅಂತ ಸುಮ್ನೆ ಹೇಳಬೇಡ. ಒಬ್ಬನೇ ಊಟ ಮಾಡುತ್ತೀನಿ ಅಂತ ಹೇಳು. ಅವರು ಅಳಬಹುದು, ಅತ್ತರೆ ಅಳಲಿ. ಗೊತ್ತಿಲ್ಲದೆ ಇರುವುದಕ್ಕಿಂತ ಅದು ಅವರಿಗೆ ಹಗುರ.

ಗೆಳೆಯರು ಎಂಟು ವಾರದಲ್ಲಿ ಸಿಗದೆ ಇರಬಹುದು. ಆದರೆ ಊಟದ ಹಾಲ್‌ನಲ್ಲಿ ನಿನ್ನ ಹಾಗೇ ಫೋನ್ ನೋಡುತ್ತಾ ಕೂತವನು ಇನ್ನೊಬ್ಬ ಇದ್ದೇ ಇರುತ್ತಾನೆ. ತಟ್ಟೆ ಎತ್ತಿಕೊಂಡು ಅವನ ಎದುರು ಹೋಗಿ ಕೂತುಕೋ. ಕ್ರಿಕೆಟ್ ಆಡುವವರನ್ನು ಹುಡುಕು. ಹತ್ತಿರದಲ್ಲಿ ಕನ್ನಡ ಕೂಟವಿದ್ದರೆ ನವೆಂಬರ್‌ನ ರಾಜ್ಯೋತ್ಸವಕ್ಕೆ ಹೋಗು. ಕುರ್ಚಿ ಜೋಡಿಸಲು ಬರುತ್ತೀನಿ ಅಂತ ಮೊದಲೇ ಹೇಳಿಬಿಡು. ಕೆಲಸಕ್ಕೆ ಕೈ ಹಾಕಿದ ಹುಡುಗನನ್ನು ಊಟ ಹಾಕದೆ ಕಳಿಸುವ ಕನ್ನಡದ ಮನೆಯನ್ನು ನಾನಂತೂ ನೋಡಿಲ್ಲ.

ಇನ್ನು ನಿನ್ನ ರೂಮ್‌ಮೇಟ್. ಅವನು ಸೇರಿದರೂ ಸೇರಬಹುದು. ಜಗಳ ಮಾಡಬೇಡ. ಶನಿವಾರ ರಾತ್ರಿ ಅವನು ಬರುವವರೆಗೆ ನಿನ್ನ ಫೋನ್ ಸೈಲೆಂಟ್‌ನಲ್ಲಿ ಇಡಬೇಡ. ಕುಡಿದು ಬಂದು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನ ಅನಿಸಿದರೆ, ಮಲಗಿ ಎದ್ದರೆ ಸರಿಯಾಗುತ್ತದೆ ಅಂತ ಬಿಡಬೇಡ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸು, ತುರ್ತು ಸಹಾಯದ 911ಕ್ಕೆ ಫೋನ್ ಮಾಡು, ಅವರು ಬರುವವರೆಗೆ ಪಕ್ಕದಲ್ಲೇ ಕೂತಿರು. ಅವನ ಅಣ್ಣಂದಿರು ಬೇಡ ಅಂದರೂ ಮಾಡು.