‘ಎಲ್ಲ’ ಎಂಬ ಒಂದು ಪದದ ಬಗ್ಗೆ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿತು. ಕಳೆದ ಸಂಚಿಕೆಯ ‘ಇಂದಿನ ಎಲ್ಲ ಸಂಗೀತದ ತಾಯಿಬೇರು ಬೀಟಲ್ಸ್’ ಲೇಖನದ ಮೇಲೆ, ಅಂದರೆ 1960ರ ದಶಕದ ಆ ನಾಲ್ವರ ಇಂಗ್ಲಿಷ್ ತಂಡದ ಬಗೆಗಿನ ನಮ್ಮ ಮಾತಿನ ಮೇಲೆ, ನಿಮ್ಮ ತಕರಾರು ಮೂರು. ಸಿತಾರನ್ನು ಪಶ್ಚಿಮಕ್ಕೆ ಪರಿಚಯಿಸಿದವರು ಅವರಲ್ಲ. ಸ್ಟುಡಿಯೋದ ಕೈಚಳಕಗಳಲ್ಲೂ ಅವರು ಮೊದಲಿಗರಲ್ಲ. ಮತ್ತು ದಿನವಿಡೀ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಪ್-ಹಾಪ್ ಕೇಳುವ ನಿಮ್ಮ ಮಗಳ ಫೋನಿನಲ್ಲಿ ಅವರ ಹಾಡು ಒಂದೂ ಇಲ್ಲ. ‘ನಮ್ಮ ಪ್ರಾಯದವರ ಹಳಹಳಿಕೆಯನ್ನು ಚರಿತ್ರೆ ಅಂತ ಮಾರುತ್ತಿದ್ದೀರಿ’ ಎಂದು ಕೊನೆಗೊಂದು ಏಟನ್ನೂ ಕೊಟ್ಟಿದ್ದೀರಿ. ಏಟು ತಗುಲಬೇಕಾದಲ್ಲೇ ತಗುಲಿದೆ.

ಸಿತಾರಿನ ವಿಷಯದಲ್ಲಿ ವಾದವೇ ಇಲ್ಲ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರ ಅಕ್ಟೋಬರಿನಲ್ಲಿ ‘ನಾರ್ವೇಜಿಯನ್ ವುಡ್’ ಹಾಡಿಗೆ ಸಿತಾರ್ ಮೀಟುವ ಹೊತ್ತಿಗೆ ರವಿಶಂಕರ್ ಯುರೋಪು, ಅಮೆರಿಕಗಳಲ್ಲಿ ಕಛೇರಿ ಕೊಡಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಅಲಿ ಅಕ್ಬರ್ ಖಾನ್ ಅದಕ್ಕೂ ಒಂದು ವರ್ಷ ಮುಂಚೆ, 1955ರಲ್ಲೇ, ನ್ಯೂಯಾರ್ಕಿನಲ್ಲಿ ಸರೋದ್ ನುಡಿಸಿ ಬಂದಿದ್ದರು. ಹ್ಯಾರಿಸನ್ ಸ್ನೇಹದಿಂದ ರವಿಶಂಕರರಿಗೆ ಹೊಸದಾಗಿ ಸಿಕ್ಕಿದ್ದು ಜನಜಂಗುಳಿ. 1971ರ ಆಗಸ್ಟ್ 1ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಾರ್ಯಕ್ರಮ ನಡೆದಾಗ, ವಾದ್ಯಗಳನ್ನು ಶ್ರುತಿ ಮಾಡಿಕೊಂಡಿದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಯವಾಗಿ ಹೇಳಿದರು. ಪ್ರಸಿದ್ಧಿ ಬೇರೆ, ಪ್ರಭಾವ ಬೇರೆ ಎನ್ನುವ ನಿಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಹೊಳೆಯುತ್ತಿಲ್ಲ.

ಸ್ಟುಡಿಯೋದ ಮಾತಿಗೆ ಮಾತ್ರ ಅರ್ಧ ಒಪ್ಪಿಗೆ. ಬೀಟಲ್ಸ್‌ನ ‘ಟುಮಾರೊ ನೆವರ್ ನೋಸ್’ ಹಾಡನ್ನೇ ತೆಗೆದುಕೊಳ್ಳಿ. 1966ರ ಏಪ್ರಿಲ್, ಲಂಡನ್ನಿನ ಅಬೇ ರೋಡಿನ ಇಎಂಐ ಸ್ಟುಡಿಯೋ. ತಂಡದ ಪಾಲ್ ಮೆಕಾರ್ಟ್ನಿ ಮನೆಯ ಟೇಪ್ ರೆಕಾರ್ಡರಿನಲ್ಲಿ ಚಿತ್ರವಿಚಿತ್ರ ಸದ್ದು ತುಂಬಿಸಿ, ಟೇಪಿನ ಎರಡೂ ತುದಿ ಅಂಟಿಸಿ, ಬಳೆಯಂಥ ಲೂಪುಗಳನ್ನು ಮಾಡಿಕೊಂಡು ಬಂದಿದ್ದರು. ಅಷ್ಟನ್ನೂ ಒಟ್ಟಿಗೆ ಸುತ್ತಿಸಲು ಒಂದು ಕೋಣೆಯ ಯಂತ್ರ ಸಾಲದು. ಕಟ್ಟಡದ ಬೇರೆ ಬೇರೆ ಕೋಣೆಗಳ ಯಂತ್ರಗಳಿಗೆ ಹಾಕಿದರು. ಟೇಪು ಜೋತುಬೀಳದಂತೆ ಸ್ಟುಡಿಯೋದ ನೌಕರರು ಲೂಪಿನೊಳಗೆ ಪೆನ್ಸಿಲ್ ತೂರಿಸಿ ಹಿಡಿದು ನಿಂತರು. ಎಲ್ಲ ಸದ್ದೂ ಒಂದೇ ಮಿಕ್ಸಿಂಗ್ ಮೇಜಿಗೆ ಬರುತ್ತಿತ್ತು. ಯಾವುದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಅನ್ನುವುದು ಸದ್ದು ಏರಿಸಿ ಇಳಿಸುವ ಗುಂಡಿಗಳಾದ ಫೇಡರ್ ಜರುಗಿಸುತ್ತ ಆ ಗಳಿಗೆಯಲ್ಲೇ ತೀರ್ಮಾನವಾಗುತ್ತಿತ್ತು. ಇನ್ನೊಮ್ಮೆ ಮಾಡಿದರೆ ಅದೇ ಬರುವ ಹಾಗಿಲ್ಲ. ಹಾಡುತ್ತಿದ್ದ ಜಾನ್ ಲೆನನ್ ದನಿಯನ್ನು ಆರ್ಗನ್ನಿನ ತಿರುಗುವ ಸ್ಪೀಕರಿನ ಮೂಲಕ ಹಾಯಿಸಿದರು. ಕೆಳಗೆ ತಂಬೂರಿ. ಇಡೀ ಹಾಡು ಹೆಚ್ಚುಕಡಿಮೆ ಒಂದೇ ಆಧಾರ ಶ್ರುತಿಯ ಮೇಲೆ ಕೂತಿದೆ, ಹಾಗಾಗಿ ನಮ್ಮ ಕಿವಿಗೆ ಅದು ಅಲ್ಲಿಯವರಿಗೆ ಅನ್ನಿಸಿದಷ್ಟು ವಿಚಿತ್ರ ಅನ್ನಿಸುವುದಿಲ್ಲ.

ಇದರಲ್ಲಿ ಹೊಸದೇನಿತ್ತು? ನೀವು ಬರೆದಂತೆ, ಬಿಡಿಬಿಡಿಯಾಗಿ ನೋಡಿದರೆ ಬಹಳವೇನೂ ಇಲ್ಲ. ಪ್ಯಾರಿಸಿನ ಪಿಯರ್ ಷೆಫರ್ 1948ರಲ್ಲೇ ರೈಲಿನ ಸದ್ದುಗಳನ್ನು ಜೋಡಿಸಿ ಸಂಗೀತ ಮಾಡಿದ್ದರು. ಅಮೆರಿಕದ ಲೆಸ್ ಪಾಲ್ ತಮ್ಮ ಗಿಟಾರಿನ ಮೇಲೆ ತಮ್ಮದೇ ಗಿಟಾರನ್ನು ಪದರ ಪದರವಾಗಿ ಹತ್ತಿಸಿದ ಪ್ಲೇಟು ಹೊರಬಂದದ್ದೂ ಅದೇ ವರ್ಷ. ಬಿಬಿಸಿಯ ಡೆಲಿಯಾ ಡರ್ಬಿಷೈರ್ 1963ರಲ್ಲಿ ಟೇಪ್ ಕತ್ತರಿಸಿ ಅಂಟಿಸಿಯೇ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತ ಕಟ್ಟಿದ್ದರು. ಬೀಟಲ್ಸ್ ಅದನ್ನು ಮೂರು ನಿಮಿಷದ ಹಾಡೊಳಗೆ ಇಟ್ಟು ಹದಿಹರೆಯದವರು ದುಡ್ಡು ಕೂಡಿಟ್ಟು ಕೊಳ್ಳುವ ಪ್ಲೇಟಿಗೆ ತಂದರು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಟಿಕೆಟ್ ಕಾರ್ಯಕ್ರಮ ಕೊಟ್ಟು ವೇದಿಕೆಗೆ ಬೆನ್ನುಹಾಕಿದರು. ಮೂರು ವರ್ಷ ಹಿಂದೆ, 1963ರ ಫೆಬ್ರುವರಿ 11ರಂದು, ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿ ಎದ್ದುಹೋಗಿದ್ದವರು ಇವರೇ. ಕಂಡುಹಿಡಿದವರು ಬೇರೆ, ರೂಢಿಗೆ ತಂದವರು ಬೇರೆ. ನಮ್ಮ ಲೇಖನ ಇವೆರಡನ್ನೂ ಕಲಸಿಬಿಟ್ಟಿತ್ತು.

ಇನ್ನು ಮಗಳ ಫೋನು. ಅದರಲ್ಲಿರುವುದು ಹಿಪ್-ಹಾಪ್ ಆದರೆ ಅದರ ಅಜ್ಜಂದಿರನ್ನು ಬೀಟಲ್ಸ್ ಊರಾದ ಲಿವರ್‌ಪೂಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಪಾರ್ಟಿಯಲ್ಲಿ ಪ್ಲೇಟು ಹಾಕುತ್ತಿದ್ದ, ಜಮೈಕಾದಿಂದ ಬಂದಿದ್ದ ಹುಡುಗ ಡಿಜೆ ಕೂಲ್ ಹರ್ಕ್ ಅಜ್ಜನಾಗಿ ಸಿಗುತ್ತಾನೆ. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಸಿಗುತ್ತಾರೆ. 1969ರಲ್ಲಿ ‘ಫಂಕಿ ಡ್ರಮ್ಮರ್’ಗೆ ಅವರು ನುಡಿಸಿದ ಕೆಲವೇ ಸೆಕೆಂಡುಗಳ ತುಣುಕು ನೂರಾರು ಹಾಡುಗಳೊಳಗೆ ಹೊಕ್ಕು ಕೂತಿದೆ. ನಿಮ್ಮ ಮಗಳು ಅವರ ಹೆಸರು ಕೇಳಿರಲಿಕ್ಕಿಲ್ಲ, ಅವರ ಕೈಪೆಟ್ಟು ಕೇಳಿರುತ್ತಾಳೆ. ಅವರ ಬಗ್ಗೆ ನಾವು ಇಲ್ಲಿಯವರೆಗೆ ಒಂದು ಸಾಲೂ ಅಚ್ಚು ಮಾಡಿಲ್ಲ.

ನೀವು ಹೇಳದ ಇನ್ನೊಂದು ಪುರಾವೆಯನ್ನು ನಿಮ್ಮ ಪರವಾಗಿ ನಾನೇ ಸೇರಿಸುತ್ತೇನೆ. 2015ರಲ್ಲಿ ಲಂಡನ್ನಿನ ಸಂಶೋಧಕರು, 1960ರಿಂದ 2010ರ ನಡುವೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿ ಹತ್ತಿದ ಸುಮಾರು 17,000 ಹಾಡುಗಳ ತುಣುಕುಗಳನ್ನು ಕಂಪ್ಯೂಟರಿಗೆ ಕೇಳಿಸಿದರು. ಸಂಗೀತದ ಶೈಲಿ ಜೋರಾಗಿ ಪಲ್ಲಟವಾದ ವರ್ಷಗಳು ಮೂರು ಸಿಕ್ಕವು: 1964, 1983, 1991. ಎಲ್ಲಕ್ಕಿಂತ ದೊಡ್ಡದು ಹಿಪ್-ಹಾಪ್ ಮುಂಚೂಣಿಗೆ ಬಂದ 1991. 1964ರ ಬದಲಾವಣೆಯೂ ಬ್ರಿಟಿಷ್ ತಂಡಗಳು ಅಲ್ಲಿಗೆ ಕಾಲಿಡುವ ಮೊದಲೇ ಶುರುವಾಗಿತ್ತು. ಇವರು ಬೆಂಕಿಗೆ ಗಾಳಿ ಹಾಕಿದರು, ಕಡ್ಡಿ ಗೀರಿದವರು ಬೇರೆ.

ಆದರೆ ಕಂಪ್ಯೂಟರಿಗೆ ಕೇಳಿಸಿದ್ದು ಸದ್ದು ಮಾತ್ರ. ಆ ಹಾಡು ಯಾರು ಬರೆದರು, ಯಾರ ಅಪ್ಪಣೆಯ ಮೇಲೆ ಹಾಡಿದರು ಎಂದು ಅದಕ್ಕೆ ತಿಳಿಯದು. ನನ್ನ ಭಿನ್ನಮತ ಇಲ್ಲಿದೆ. ಬೀಟಲ್ಸ್ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ ಆರು ಬೇರೆಯವರವು. 1964ರ ಜುಲೈಯಲ್ಲಿ ಬಂದ ಮೂರನೆಯದರಲ್ಲಿ ಹದಿಮೂರಕ್ಕೆ ಹದಿಮೂರೂ ಲೆನನ್–ಮೆಕಾರ್ಟ್ನಿ ಬರೆದವು. ಅಮೆರಿಕದ ರಾಕ್ ಗಾಯಕರಾದ ಚಕ್ ಬೆರ್ರಿ, ಬಡಿ ಹಾಲಿ ಮುಂಚೆಯೇ ಸ್ವಂತ ಹಾಡು ಬರೆಯುತ್ತಿದ್ದರು, ನಿಜ. ಆದರೂ ಒಬ್ಬರು ಬರೆಯುವುದು, ಇನ್ನೊಬ್ಬರು ಹಾಡುವುದು, ಮೂರನೆಯವರು ಕಚೇರಿಯಲ್ಲಿ ಕೂತು ಆರಿಸುವುದು ಆಗಿನ ಸಾಮಾನ್ಯ ಪದ್ಧತಿ. ನಾಲ್ಕು ಜನ ಗೆಳೆಯರು ಎರಡು ಗಿಟಾರು, ಒಂದು ಬೇಸು, ಒಂದು ಡ್ರಮ್ಸ್ ಹಿಡಿದು ತಮ್ಮ ಹಾಡನ್ನು ತಾವೇ ಕಟ್ಟಬೇಕು, ಇಲ್ಲದಿದ್ದರೆ ಅದು ಬ್ಯಾಂಡೇ ಅಲ್ಲ ಎನ್ನುವ ಮಟ್ಟಕ್ಕೆ ರೂಢಿ ಬದಲಾಗಿದ್ದು ಇವರಿಂದ. ಇವರ ಒಂದು ರಾಗವನ್ನೂ ಗುನುಗದೆ, ಇವರನ್ನು ಬೈಯುತ್ತಲೇ ಬೆಳೆದ ಪಂಕ್ ತಂಡಗಳು ಕೂಡ ನಿಂತಿದ್ದು ಆ ರೂಢಿಯ ಮೇಲೆ.

ಈಗ ಅದೂ ಸವೆಯುತ್ತಿದೆ ಅನ್ನುವುದನ್ನು ಬಚ್ಚಿಡುವುದಿಲ್ಲ. ಇಂದಿನ ಜನಪ್ರಿಯ ಹಾಡುಗಳ ಕೆಳಗೆ ಐದಾರು ಬರಹಗಾರರ ಹೆಸರು ಮತ್ತೆ ಸಾಲುಗಟ್ಟಿವೆ. ಹಾಗಾಗಿ ಬೀಟಲ್ಸ್ ಪ್ರಭಾವ ದೊಡ್ಡದು, ಆದರೆ ಅದು ಮುಖ್ಯವಾಗಿ ಗಿಟಾರ್ ತಂಡಗಳ ಮೂರು ನಾಲ್ಕು ದಶಕಗಳದ್ದು ಎಂದು ನನ್ನ ಲೆಕ್ಕ. ನೀವು ಇನ್ನೂ ಕಡಿಮೆ ಮಾಡಲು ಹೊರಟರೆ ನಾನು ಚೌಕಾಸಿಗೆ ಸಿದ್ಧನಿಲ್ಲ.

ಕಡೆಯದಾಗಿ ಒಂದು ತಪ್ಪೊಪ್ಪಿಗೆ. ಲೇಖಕರು ಕಳಿಸಿದ ಪ್ರತಿಯ ಶೀರ್ಷಿಕೆಯಲ್ಲಿ ‘ಎಲ್ಲ’ ಎಂಬ ಪದ ಇರಲಿಲ್ಲ. ಮುಖಪುಟಕ್ಕೆ ಜೋರಾಗಿ ಕಾಣಲಿ ಎಂದು ಕೊನೆಯ ಪ್ರೂಫಿನಲ್ಲಿ ಸೇರಿಸಿದವನು ನಾನು.

ಇತಿ ನಿಮ್ಮ,
ಸಂಪಾದಕ